ಭಾಗೀರತಿಯ ಗೆಳತಿ ಹಂಗ್ಯಾಕ ಅಂದಳು?

ಬೀಸುಕಲ್ಲು (ಹುಬ್ಬಳ್ಳಿ)

ಕೆರೆಗೆ ಹಾರದ ಹಾಡನ್ನು ನಾನು ಮೊದಲು ಕೇಳಿದ್ದು ಬೀಸುಕಲ್ಲಿನ ಎದುರು ಕೂತು. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಬ್ಯಾಳಿ ಒಡೆಯಲಿಕ್ಕೆ, ಹಬ್ಬಕ್ಕೆ ಗೋಧಿ ನುಚ್ಚು ಮಾಡಲಿಕ್ಕೆ ನಮ್ಮ ಆಯಿಗೆ ಕಲ್ಲೇ ಬೇಕಿತ್ತು. ಗೂಟಕ್ಕೆ ಒಂದು ಕಡೆ ಅವಳ ಕೈ, ಇನ್ನೊಂದು ಕಡೆ ನನ್ನದು. ಕಲ್ಲಿನ ಸಪ್ಪಳದೊಳಗೆ ಕೆಲವು ಶಬ್ದ ಮುಳುಗಿ ಹೋಗುತ್ತಿದ್ದವು. ಹಾರ ಅಂದರೆ ಹೂವಿನ ಹಾರ ಅಂತಲೇ ಬಹಳ ದಿನ ತಿಳಿದಿದ್ದೆ. ತುಂಬಿದ ಕೆರೆಗೆ ಬಾಗಿನ ಬಿಡುತ್ತಾರಲ್ಲ, ಅಂಥದ್ದೇನೋ ಅಂತ. ಅದು ಆಹಾರ, ಬಲಿ ಅಂತ ಗೊತ್ತಾದ ದಿನ ರಾತ್ರಿ ನಾನು ಉಣ್ಣಲಿಲ್ಲವಂತೆ. ಅವ್ವ ಈಗಲೂ ಹೇಳುತ್ತಾಳೆ.

ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ಸೆರೆಮುಕ್ಕ, ಅಂದರೆ ಒಂದು ಗುಟುಕು ಕೂಡ, ನೀರಿಲ್ಲ. ಹೊತ್ತಿಗೆ ತೆಗೆಸಿ ಶಾಸ್ತ್ರ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಅಂತ ಬಂತು. ಹಿರಿಸೊಸೆ ಮಲ್ಲವ್ವನನ್ನು ಕೊಟ್ಟರೆ ಮನೆಗೆ ಹಿರಿತನ ಮಾಡುವವರಿಲ್ಲ, ಕಿರಿಸೊಸೆ ಭಾಗೀರತಿಯನ್ನು ಕೊಡೋಣ ಅಂತಾಯಿತು. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ.

ನನ್ನನ್ನು ಹಿಡಿದು ಕೂತಿರುವುದು ಮುಂದಿನ ಭಾಗ. ಭಾಗೀರತಿ ತವರಿಗೆ ಓಡುತ್ತಾಳೆ. ಯಾಕ ಮಗಳ ಮಾರಿ ಬಾಡಿತು ಅಂತ ಅಪ್ಪ ಕೇಳುತ್ತಾನೆ. ಅತ್ತಿ ಮಾವ ಬ್ಯಾರಿ ಇಡತಾರಂತ ಅಂತಾಳೆ. ಇಟ್ಟರ ಇಡಲಿ, ಹೊಲಮನಿ ಕೊಡಸೇನು ಅಂತಾನೆ ಅಪ್ಪ. ವಾಲಿ ಜೋಡು ಮಾಡಸೇನು ಅಂತಾಳೆ ಅವ್ವ. ಅಕ್ಕನ ಮುಂದೆಯೂ ಅದೇ ಸುಳ್ಳು. ಕಡೆಗೆ ಗೆಳತಿಯ ಮನೆ. ಅಲ್ಲಿ ಮಾತ್ರ ಬಾಯಿಂದ ನಿಜ ಬರುತ್ತದೆ: ನಮ್ಮತ್ತಿ ಮಾವ ಕೆರೆಗೆ ಹಾರ ಕೊಡತಾರಂತ. ಗೆಳತಿ ಅನ್ನುವುದು ಇಷ್ಟೇ: ಕೊಟ್ಟರ ಕೊಡಲೇಳು, ಇಟ್ಟಂಗ ಇರಬೇಕು.

ಭಾಗೀರತಿ ಅಲ್ಲಿಂದ ಎದ್ದು ಗಂಡನ ಮನೆಗೆ ಬರುತ್ತಾಳೆ. ಆಮೇಲೆ ಎಲ್ಲಿಯೂ ಓಡುವುದಿಲ್ಲ.

ಮಾವನ ಮೇಲೆ ಸಿಟ್ಟಾಗಿ ಬಹಳ ವರ್ಷವಾಯಿತು, ಆ ಸಿಟ್ಟು ಒಂದು ಕಡೆ ನೆಲೆಗೆ ನಿಂತಿದೆ. ಗೆಳತಿಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಹಾಡಿನಲ್ಲಿ ಅವಳಿಗೊಂದು ಹೆಸರಿಲ್ಲ. ಮಲ್ಲವ್ವನಿಗಿದೆ, ಮಾದೇವರಾಯನಿಗಿದೆ. ನಿಜ ಕೇಳಿಸಿಕೊಂಡ ಒಬ್ಬಳೇ ಒಬ್ಬಳಿಗೆ ಇಲ್ಲ. ಅವಳ ಬಗ್ಗೆ ನಿಮಗೇನು ಅನ್ನಿಸುತ್ತದೆ? ಅಥವಾ ನಿಮ್ಮನ್ನು ಹೀಗೆ ಬಿಡದೆ ಕಾಡುವ ಬೇರೆ ಹಾಡಿನವರು ಯಾರಾದರೂ ಇದ್ದರೆ ಅವರ ಬಗ್ಗೆಯೂ ಬರೆಯಿರಿ.

ಮಾಸೂರ ದಾರಿ (ಹಾವೇರಿ)

ಅಕ್ಕಾರ, ನಮ್ಮೂರು ಮಾಸೂರ ಹತ್ತಿರ. ಈ ಹಾಡು ನಮಗ ಹಾಡು ಅನ್ನಸೂದಿಲ್ಲ, ನಮ್ಮೂರಿನ ಸುದ್ದಿನ ಅನ್ನಸ್ತದ. ಕುಮುದ್ವತಿ ಹೊಳಿಗೆ ಎರಡು ಗುಡ್ಡದ ನಡುವ ಅಡ್ಡ ಕಟ್ಟಿದ ಮದಗದ ಕೆರಿ ಅದ. ವಿಜಯನಗರದವರ ಕಾಲದ್ದು. ಹಿಂದಿನ ಏರಿ ಎಷ್ಟು ದೊಡ್ಡದಿತ್ತು ಅಂತ ನೋಡಬೇಕಂದ್ರ ಅಲ್ಲಿ ನಿಂತ ನೋಡಬೇಕು, ಬಾಯಿಂದ ಹೇಳಾಕ ಬರೂದಿಲ್ಲ. ಮಳಿಗಾಲದಾಗ ನೀರು ಬಂಡೆಗಲ್ಲಿನ ಮ್ಯಾಲಿಂದ ಧುಮುಕೂದು ನೋಡಾಕ ಮಂದಿ ಗಾಡಿ ಮಾಡಕೊಂಡ ಬರ್ತಾರ. ನಮ್ಮ ಮನ್ಯಾಗ ಮಾತ್ರ ಅಲ್ಲಿಗೆ ಹೋದ್ರ ಮೊದಲು ಕೆಂಚವ್ವಗ ಕೈ ಮುಗದ ಮುಂದ ಹೋಗಬೇಕು. ಮದಗದ ಕೆಂಚವ್ವ ಅಂದ್ರ ಆ ಕೆರಿಗೆ ಹಾರ ಆದಾಕಿ ಅಂತ ನಮ್ಮ ಹಿರ್ಯಾರು ಹೇಳತಿದ್ರು.

ನಾ ಹೇಳಬೇಕಂದದ್ದು ಇನ್ನೊಂದು ಹಾಡಿಂದು. ಮಾಯದಂಥ ಮಳೆ ಬಂತಣ್ಣ ಮದಗಾದ ಕೆರೆಗೆ ಅಂತ ಅದ ನೋಡ್ರಿ, ಅದರಾಗ ಗಂಗವ್ವನ ಮಾತಾಡತಾಳ. ಅಂಗೈಯಷ್ಟು ಮೋಡ ಆಗಿ, ಭೂಮಿ ತೂಕದ ಗಾಳಿ ಬೀಸಿ ಮಳಿ ಬರ್ತದ. ಕೆರಿ ತುಂಬತದ. ತುಂಬಿದಾಕಿ ಅಂತಾಳ, ನಾ ನಿಲ್ಲುವಳಲ್ಲ. ಓಡಿ ಹೋಗಿ ಸುದ್ದಿ ಕೊಡ್ರಿ ಅಂತ ಏರಿ ಮ್ಯಾಲಿನ ಬಲ್ಲಾಳರಾಯಗ ಕೂಗತಾಳ. ಆರು ಸಾವಿರ ಒಡ್ಡರನ್ನ ಕರಸ್ರಿ, ಮೂರು ಸಾವಿರ ಗುದ್ದಲಿ ತರಸ್ರಿ, ಮಣ್ಣು ಹಾಕಸ್ರಿ. ಏನ ಮಾಡಿದ್ರೂ ನಾ ನಿಲ್ಲುವಳಲ್ಲ. ಈ ಹಾಡು ತಮ್ಮ ಕೆರೀದು ಅಂತ ಕಡೂರ ಕಡೆಯವರೂ ಅಂತಾರ, ಅವರಲ್ಲೂ ಒಂದು ಮದಗದ ಕೆರಿ ಅದ. ಅವರದೂ ಇರಲಿ, ಜಗಳ ಬ್ಯಾಡ.

ಒಂದು ಹಾಡಿನಾಗ ಗಂಗಿ ಬರವಲ್ಲಳು, ಇನ್ನೊಂದರಾಗ ಇರವಲ್ಲಳು. ನಮ್ಮ ಅಜ್ಜ ಕೆರಿ ತೂಬಿನ ಕೆಲಸದಾಗ ಇದ್ದ. ಅಂವಾ ಈ ಎರಡೂ ಹಾಡು ಒಂದರ ಹಿಂದ ಒಂದು ಹಾಡಾವ. ನನಗ ಇಷ್ಟದಾಂವ ಅಂದ್ರ ಆ ಬೆಸ್ತರ ಹುಡುಗ. ಓಡಿ ಹೋಗಿ ಸುದ್ದಿ ಕೊಡು ಅಂತ ಗಂಗಿ ಅವನಿಗೂ ಹೇಳತಾಳ. ಸಣ್ಣಾಂವ ಇದ್ದಾಗ ಮಳಿ ಹಿಡೀತಂದ್ರ ನಾನ ಆ ಹುಡುಗ ಅಂತ ತಿಳಕೊಂಡು ಏರಿ ಮ್ಯಾಲೆ ಓಡತಿದ್ದೆ. ಭಾಗೀರತಿ ಹಾಡಿನಾಗ ಹಂಗ ಓಡಿ ಸುದ್ದಿ ಹೇಳವರು ಯಾರೂ ಇಲ್ಲ. ಆಕೀನ ಓಡಬೇಕಾತು.

ನೇರ ಮಾತು (ಬೆಂಗಳೂರು)

ಎಲ್ಲರೂ ಭಾವುಕರಾಗಿ ಬರೆಯುತ್ತಿದ್ದೀರಿ, ಓದಿ ಸಂತೋಷ. ಆದರೆ ಒಂದು ಮಾತು ಹೇಳಲೇಬೇಕು. ಹೆಣ್ಣನ್ನು ನೀರಿಗೆ ಕೊಟ್ಟ ಹಾಡನ್ನು ನಾವು ಇನ್ನೂ ವೇದಿಕೆಯ ಮೇಲೆ ಹಾಡಿಸುತ್ತೇವೆ, ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆಯುತ್ತೇವೆ. ಮನೆಯವರಿಗಾಗಿ ಸಾಯುವುದೇ ಸೊಸೆಯ ದೊಡ್ಡತನ ಅಂತ ಕೇಳುವ ಹುಡುಗಿಯರಿಗೆ ಅನ್ನಿಸುವುದಿಲ್ಲವೇ? ನನ್ನ ಮಗಳಿಗೆ ನಾನು ಇದನ್ನು ಹೇಳಿಕೊಟ್ಟಿಲ್ಲ. ಹೇಳಿಕೊಡುವುದೂ ಇಲ್ಲ. ದಿನಾ ಕೋರಮಂಗಲದ ಮೇಲೆ ಓಡಾಡುತ್ತೇನೆ. ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಸಮಾಧಿ ಅಲ್ಲೇ ಇದೆ. ಕೋಟೆಯ ಬಾಗಿಲು ನಿಲ್ಲುತ್ತಿಲ್ಲವೆಂದು ಆ ಬಸುರಿ ಹೆಂಗಸು ರಾತ್ರಿ ಹೋಗಿ ತನ್ನ ತಲೆ ತಾನೇ ಕಡಿದುಕೊಂಡಳು ಅನ್ನುತ್ತದೆ ಕಥೆ. ಜನ ಕೈಮುಗಿದು ಹೋಗುತ್ತಾರೆ. ನನಗೆ ಅಲ್ಲಿ ಕೈ ಮೇಲೇಳುವುದಿಲ್ಲ.

ಬೀಸುಕಲ್ಲು

ನೇರ ಮಾತು ಅವರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ನನ್ನದೂ ಹೌದು. ಆದರೆ ಹಾಡು ಅವಳ ಸಾವನ್ನು ಮೆರೆಸುತ್ತದೆ ಅನ್ನುವುದನ್ನು ಒಪ್ಪಲಾರೆ. ಹಾಗೆ ಮೆರೆಸಬೇಕಾಗಿದ್ದರೆ ಕೆರೆ ತುಂಬಿದ ಕೂಡಲೇ ಹಾಡು ಮುಗಿಯಬೇಕಿತ್ತು. ಮಲ್ಲನಗೌಡನ ಹೊಲ ಹಸಿರಾಗಿ, ಊರು ಉಂಡು, ಮಂಗಳಾರತಿಯಾಗಬೇಕಿತ್ತು. ಈ ಹಾಡಿನಲ್ಲಿ ಆ ನೀರನ್ನು ಒಬ್ಬರೂ ಕುಡಿಯುವುದಿಲ್ಲ, ಗಮನಿಸಿ.

ಅವಳನ್ನು ಹೇಗೆ ಕಳಿಸುತ್ತಾರೆ ನೋಡಿ. ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ, ಬಂಗಾರದ ಬಟ್ಟಲು ಮರೆತು ಬಂದೆವು ಅನ್ನುವ ನೆಪ ಹೇಳಿ ಒಬ್ಬಳನ್ನೇ ಹಿಂದಕ್ಕೆ ಅಟ್ಟುತ್ತಾರೆ. ಎದುರಿಗೆ ನಿಂತು ನೋಡುವ ಎದೆ ಅವರಿಗಿಲ್ಲ. ಅವಳು ಒಂದೊಂದು ಮೆಟ್ಟಿಲು ಏರುತ್ತಾಳೆ, ಗಂಗೆ ಪಾದಕ್ಕೆ ಬರುತ್ತಾಳೆ, ಮೊಣಕಾಲಿಗೆ ಬರುತ್ತಾಳೆ, ನಡುವಿಗೆ ಬರುತ್ತಾಳೆ. ಹಾಡುವವಳು ಅವಸರ ಮಾಡುವುದಿಲ್ಲ. ಒಂದು ಮೆಟ್ಟಿಲಿಗೆ ಒಂದು ನುಡಿ. ಕೇಳುವವರು ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ಆಯಿ ಐದನೆಯ ಮೆಟ್ಟಿಲಿಗೆ ಬಂದಾಗ ಕಲ್ಲು ನಿಲ್ಲಿಸುತ್ತಿದ್ದಳು. ಹಿಟ್ಟು ಬಳಿಯುತ್ತಿದ್ದಳು, ಕಾಳು ಹಾಕುತ್ತಿದ್ದಳು, ಮತ್ತೆ ಹಿಡಿಯುತ್ತಿದ್ದಳು. ಅಷ್ಟು ಹೊತ್ತು ಭಾಗೀರತಿ ನೀರಿನಲ್ಲೇ ನಿಂತಿರುತ್ತಿದ್ದಳು.

ಅಲ್ಲಿಂದ ಮುಂದೆ ಹಾಡು ಅರ್ಧದಷ್ಟು ಉಳಿದಿದೆ. ಮಾದೇವರಾಯನಿಗೆ ದಂಡಿನಲ್ಲಿ ಕೆಟ್ಟ ಕನಸು ಬೀಳುತ್ತದೆ. ಕುದುರೆ ಹತ್ತಿ ಬರುತ್ತಾನೆ. ಮನೆಯಲ್ಲಿ ಸುಳ್ಳು, ಆಕಿ ತವರಿಗೆ ಹೋಗ್ಯಾಳ. ತವರಿನಲ್ಲಿ ಅವಳಿಲ್ಲ. ಗೆಳತಿಯ ಮನೆಗೆ ಹೋಗುತ್ತಾನೆ. ಅಲ್ಲಿ ನಿಜ ತಿಳಿಯುತ್ತದೆ. ಕೆರೆಗೆ ಹೋಗಿ ತಾನೂ ಹಾರುತ್ತಾನೆ. ಒಬ್ಬಳನ್ನು ಕೊಟ್ಟರೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ ಮನೆಗೆ ಎರಡು ಜೀವದ ಲೆಕ್ಕ ಒಪ್ಪಿಸಿ ಹಾಡು ನಿಲ್ಲುತ್ತದೆ. ಇದನ್ನು ಬೀಸುತ್ತ ಹಾಡಿದವರೆಲ್ಲ ಸೊಸೆಯಂದಿರು. ಪಡಸಾಲೆಯಲ್ಲಿ ಮಾವ ಕೂತಿರುವಾಗ ಅವನಿಗೆ ಕೇಳುವ ಹಾಗೆ ಇದನ್ನು ಹೇಳಬಹುದಾದ ದಾರಿ ಅವರಿಗೆ ಅದೊಂದೇ ಇತ್ತು ಅಂತ ನಾನು ನಂಬಿದ್ದೇನೆ.

ಮಗಳಿಗೆ ಹೇಳಿಕೊಡಿ. ಕೊನೆಯವರೆಗೆ ಹೇಳಿಕೊಡಿ.

ಹಿರಿಸೊಸೆ (ದಾವಣಗೆರೆ)

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಇವತ್ತು ಬರೆಯುತ್ತೇನೆ, ಯಾಕೆಂದರೆ ನೀವು ಯಾರೂ ಮಲ್ಲವ್ವನ ಮಾತೆತ್ತಲಿಲ್ಲ.

ನಮ್ಮದು ಕೂಡಿದ ಮನೆ. ಮೂವರು ಗಂಡುಮಕ್ಕಳು, ನಾನು ಹಿರಿಯ ಸೊಸೆ. ಹಿರಿತನ ಅನ್ನುವುದು ಎಂಥದ್ದು ಅಂತ ಇಪ್ಪತ್ತಾರು ವರ್ಷದಿಂದ ಹೊತ್ತು ನೋಡಿದ್ದೇನೆ. ಬೀಗರು ಬಂದರೆ ಉಡಿ ತುಂಬುವುದು ನಾನು, ಹಬ್ಬದ ಹೋಳಿಗೆಗೆ ಹೂರಣ ಕಟ್ಟುವುದು ನಾನು, ಅತ್ತೆ ಮಲಗಿದಾಗ ಕೀಲಿಕೈ ಬಂದದ್ದೂ ನನ್ನ ಸೆರಗಿಗೆ. ಆ ಹಾಡು ಕೇಳಿದಾಗಲೆಲ್ಲ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುವ ಮಲ್ಲವ್ವ ಆಗುತ್ತೇನೆ. ಮೊದಲು ತನ್ನ ಹೆಸರು ಬಂತು. ಅದನ್ನು ಅವಳು ಕೇಳಿಸಿಕೊಂಡಿರಬೇಕು. ಆಮೇಲೆ ಹಿರಿತನಕ್ಕೆ ಯಾರು ಅನ್ನುವ ಮಾತು ಬಂದು ಹೆಸರು ತಂಗಿಯಂಥ ಹುಡುಗಿಯ ಮೇಲೆ ಹೋಯಿತು. ಆ ಕ್ಷಣ ಅವಳ ಎದೆ ಹಗುರಾಗಿರಬೇಕಲ್ಲ. ಹಗುರಾದದ್ದಕ್ಕೆ ಅವಳು ತನ್ನನ್ನು ಕ್ಷಮಿಸಿಕೊಂಡಿರಲಿಕ್ಕಿಲ್ಲ.

ಮರುದಿನ ಬುಟ್ಟಿ ತುಂಬಿಸಿದ್ದು, ಪೂಜೆಯ ಸಾಮಾನು ಕಟ್ಟಿದ್ದು, ಭಾಗೀರತಿಯ ತಲೆ ಹೆಣೆದದ್ದು ಯಾರು? ಹಾಡು ಹೇಳುವುದಿಲ್ಲ. ಕೂಡಿದ ಮನೆಯಲ್ಲಿ ಆ ಕೆಲಸ ಯಾರ ಪಾಲಿಗೆ ಬರುತ್ತದೆ ಅಂತ ನನಗೆ ಗೊತ್ತು.

ಗೆಳತಿಯನ್ನು ಕೇಳುವ ಮೊದಲು ಮಲ್ಲವ್ವನನ್ನು ಕೇಳಬೇಕು. ಭಾಗೀರತಿ ತವರಿಗೆ ಓಡಿದಳು, ಗೆಳತಿಯ ಮನೆಗೆ ಓಡಿದಳು. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ ಇದ್ದ ನನ್ನ ಹತ್ತಿರ ಯಾಕೆ ಬರಲಿಲ್ಲ? ನಾನು ಎಂಥ ಹಿರಿಯಳಾಗಿದ್ದೆ?

ಬೀಸುಕಲ್ಲು ಅಕ್ಕ, ನಿಮ್ಮನ್ನೂ ಒಂದು ಕೇಳಲೇ? ಹಾಡಿನಲ್ಲಿ ಇಷ್ಟು ಜನ ಇದ್ದಾರೆ. ನೀವು ಆ ಗೆಳತಿಯನ್ನೇ ಯಾಕೆ ಹಿಡಿದು ಕೂತಿದ್ದೀರಿ?

ಕೊನೆಯ ಗಂಟೆ (ತೀರ್ಥಹಳ್ಳಿ)

ಹಿರಿಸೊಸೆಯವರ ಬರಹ ಓದಿ ಸುಮ್ಮನೆ ಕುಳಿತಿದ್ದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳು, ಈಗ ನಿವೃತ್ತೆ. ನನ್ನ ಪಾಲಿಗೆ ಬಂದದ್ದು ಪುಣ್ಯಕೋಟಿ. ಎಷ್ಟು ವರ್ಷ ಹೇಳಿಕೊಟ್ಟರೂ ಒಂದು ಜಾಗದಲ್ಲಿ ಧ್ವನಿ ತಪ್ಪುತ್ತಿತ್ತು. ಖಂಡವಿದೆಕೋ ಮಾಂಸವಿದೆಕೋ ಅನ್ನುವಲ್ಲಿ ಮಕ್ಕಳು ಮೈ ನಿಮಿರಿಸಿ ಕೂಗುತ್ತಿದ್ದರು, ನನಗೂ ಅಲ್ಲಿ ಏನೂ ಆಗುತ್ತಿರಲಿಲ್ಲ. ನನಗೆ ತಡೆಯಲಾಗದ್ದು ಅದಕ್ಕೂ ಮೊದಲಿನದು. ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದವಳು ಬೇರೆ ಹಸುಗಳ ಮುಂದೆ ನಿಂತು ಕೇಳಿಕೊಳ್ಳುತ್ತಾಳಲ್ಲ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ಕಂದ ನಿಮ್ಮವನೆಂದು ಕಾಣಿರಿ. ಕೊಟ್ಟಿಗೆ ನೋಡಿದವರಿಗೆ ಗೊತ್ತು. ತಾಯಿಯಿಲ್ಲದ ಕರು ಬೇರೆ ಹಸುವಿನ ಕೆಚ್ಚಲಿಗೆ ಹೋದರೆ ಒದೆತವೇ. ಅವಳು ದೊಡ್ಡ ಮಾತೇನೂ ಆಡುತ್ತಿಲ್ಲ. ದಿನಾ ಕೊಟ್ಟಿಗೆಯಲ್ಲಿ ನಡೆಯುವುದನ್ನು ಮುಂದಿಟ್ಟು, ಇದೊಂದು ಮಾಡಬೇಡಿ ಅನ್ನುತ್ತಿದ್ದಾಳೆ.

ಈ ಚರ್ಚೆ ಓದಿದ ಮೇಲೆ ಒಂದು ಹೊಳೆಯಿತು. ನಾವು ತೀರಾ ಪ್ರೀತಿಸುವ ಎರಡು ಹಾಡುಗಳಲ್ಲಿ ಒಬ್ಬಳು ಸತ್ಯವೇ ನಮ್ಮ ತಾಯಿ ತಂದೆ ಅನ್ನುತ್ತಾಳೆ, ಇನ್ನೊಬ್ಬಳು ತಾಯಿ ತಂದೆಗೇ ಸುಳ್ಳು ಹೇಳುತ್ತಾಳೆ. ಇಬ್ಬರೂ ಸಾವಿನ ಕಡೆಗೇ ನಡೆದವರು. ಸತ್ಯ ಹೇಳಿದವಳು ಬದುಕಿದಳು, ಯಾಕೆಂದರೆ ಎದುರಿಗಿದ್ದ ಹುಲಿ, ಅರ್ಬುತ, ಅವಳ ಮಾತಿಗೆ ನಾಚಿತು; ಒಡಹುಟ್ಟಕ್ಕ ಅಂತ ಕರೆದು ತಾನೇ ಪ್ರಾಣ ಬಿಟ್ಟಿತು. ಭಾಗೀರತಿಯ ಎದುರಿಗೆ ನಾಚುವ ಹುಲಿ ಇರಲಿಲ್ಲ.

ತವರಿನಲ್ಲಿ ಯಾಕೆ ನಿಜ ಹೇಳಲಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಹಾಡುಗಳಲ್ಲೇ ಇದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಅಚ್ಚು ಹಾಕಿಸಿದ ಗರತಿಯರ ತ್ರ‍ಿಪದಿಗಳನ್ನು ತೆಗೆದು ನೋಡಿ, ತವರಿನ ಮೇಲೆಯೇ ಎಷ್ಟು ಪದ! ಹಾಲುಂಡ ತವರಿಗೆ ಏನೆಂದು ಹಾಡಲಿ ಅಂತ ಶುರು ಮಾಡಿ, ಹೊಳೆದಂಡೆಯ ಕರಕಿಯ ಕುಡಿಯ ಹಾಗೆ ಅವರ ಬಳ್ಳಿ ಹಬ್ಬಲಿ ಅಂತ ಹರಸುತ್ತಾಳೆ. ಗಂಡನ ಮನೆಯಲ್ಲಿ ನೊಂದವಳು ತವರನ್ನು ಹರಸುತ್ತಾಳೆಯೇ ಹೊರತು ತನ್ನ ನೋವನ್ನು ಅಲ್ಲಿಗೆ ಒಯ್ಯುವುದಿಲ್ಲ. ಹರಸಿದ ಬಳ್ಳಿಯ ಮೇಲೆ ಬೆಂಕಿ ಇಡುವುದು ಹೇಗೆ? ಭಾಗೀರತಿ ಅಪ್ಪನ ಮುಂದೆ ನಿಂತು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸಣ್ಣ ದುಃಖವೊಂದನ್ನು ಹೇಳಿದಳು. ಅಪ್ಪ ಸಣ್ಣ ದುಃಖಕ್ಕೆ ತಕ್ಕ ಔಷಧ ಕೊಟ್ಟ.

ಏಳು ಮಲೆ (ಕೊಳ್ಳೇಗಾಲ)

ನಿಮ್ಮ ಕಡೆಯ ಹಾಡು ನನಗೆ ಕೇಳಿ ಗೊತ್ತು ಅಷ್ಟೆ. ನಮ್ಮ ಕಡೆಯ ಒಬ್ಬಳನ್ನು ಕರ್ಕೊಂಡು ಬರ್ತೀನಿ. ಸಂಕಮ್ಮ.

ನಮ್ಮ ತಾತ ದೇವರಗುಡ್ಡ. ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡೋರು, ರಾತ್ರಿ ಊಟ ಆದಮೇಲೆ ಶುರುವಾದರೆ ಕೋಳಿ ಕೂಗೋವರೆಗೆ. ಮಾದಪ್ಪ ಎಪ್ಪತ್ತೇಳು ಮಲೆ ಆಳೋ ದೇವರು, ಅವನ ಕಥೆಯಲ್ಲಿ ಒಂದೊಂದು ಸಾಲು, ಅಂದ್ರೆ ಒಂದೊಂದು ಭಾಗ, ಒಂದೊಂದು ರಾತ್ರಿಗಾಗೋದು. ಸಂಕಮ್ಮನ ಸಾಲು ಅಂತ ಗೊತ್ತಾದ್ರೆ ಹಿಂದೆ ಗೋಡೆಗೆ ಒರಗಿದ್ದ ಹೆಂಗಸರೆಲ್ಲ ಮುಂದಕ್ಕೆ ಬಂದು ಕೂರೋರು. ಮಕ್ಕಳಾದ ನಮಗೆ ಜಾಗ ಇರ್ತಿರಲಿಲ್ಲ.

ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಮಕ್ಕಳಿಲ್ಲ. ಗಂಡ ಜೇನಿಗೆ ಮಲೆಗೆ ಹೋಗಬೇಕು, ತಿಂಗಳುಗಟ್ಟಲೆ ಬರೋದಿಲ್ಲ. ಹೋಗೋ ಮುಂಚೆ ಬಲಗೈ ಭಾಷೆ ಕೊಡು ಅಂತಾನೆ. ನಾನಿಲ್ಲದಾಗ ಬೇರೆ ಗಂಡಸಿನ ಮುಖ ನೋಡೋದಿಲ್ಲ ಅಂತ ಕೈ ಮೇಲೆ ಕೈ ಇಟ್ಟು ಹೇಳು. ಅವಳು ಕೊಡೋದಿಲ್ಲ. ತಪ್ಪು ಮಾಡೋ ಮನಸ್ಸಿದ್ದೋಳಲ್ಲ. ತಪ್ಪು ಮಾಡದೋಳು ಭಾಷೆ ಯಾಕೆ ಕೊಡಬೇಕು? ಅಷ್ಟೇ ಅವಳ ಹಟ. ಅವನು ಹೊಡೀತಾನೆ, ಹಿಂಸೆ ಕೊಡ್ತಾನೆ, ಕಾಡಿನಲ್ಲಿ ಗುಡಿಸಲು ಹಾಕಿ ಒಬ್ಬಳನ್ನೇ ಕೂಡಿ ಹೋಗ್ತಾನೆ. ಆದ್ರೂ ಭಾಷೆ ಇಲ್ಲ.

ಬೀಸುಕಲ್ಲು ಅವರು ಬರೆದ ಇಟ್ಟಂಗ ಇರಬೇಕು ಅನ್ನೋ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದೇ ಇವಳು. ಇಟ್ಟಂಗೆ ಇರೋಕೆ ಒಪ್ಪದೆ ಹೋದೋಳು. ಮಾದಪ್ಪ ಬಂದು ಕಾಪಾಡ್ತಾನೆ, ಮಕ್ಕಳ ಭಾಗ್ಯ ಕೊಡ್ತಾನೆ, ಕಾರಯ್ಯ ಬಿಲ್ಲಯ್ಯ ಹುಟ್ತಾರೆ. ತಾತ ಆ ಭಾಗಕ್ಕೆ ಬಂದಾಗ ಉಘೇ ಮಾದಪ್ಪ ಅಂತ ಎಲ್ಲರೂ ಕೂಗೋರು. ನನ್ನ ಅಕ್ಕ ಮಾತ್ರ ಕೂಗ್ತಿರಲಿಲ್ಲ. ಒಂದ್ಸಲ ಕೇಳಿದೆ, ಯಾಕೆ ಅಂತ. ದೇವರು ಬರದೇ ಇದ್ದಿದ್ರೂ ಅವಳು ಭಾಷೆ ಕೊಡ್ತಿರಲಿಲ್ಲ, ಉಘೇ ಅನ್ನೋದಾದ್ರೆ ಅಲ್ಲಿ ಅನ್ನಬೇಕಿತ್ತು ಅಂದಳು. ಆಗ ಅಕ್ಕನಿಗೆ ಹದಿನಾರೋ ಹದಿನೇಳೋ. ಅವತ್ತಿನಿಂದ ನಾನು ಉಘೇ ಅನ್ನೋದು ಭಾಷೆಯ ಜಾಗದಲ್ಲೇ.

ದೂರದೂರು (ಜರ್ಮನಿ)

ನಾನು ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ಊರು ಗದಗ ಹತ್ತಿರ. ನನ್ನ ಜೊತೆ ಕೆಲಸ ಮಾಡುವ ರೊಮೇನಿಯಾದ ಹೆಂಗಸೊಬ್ಬಳಿಗೆ ರಾತ್ರಿ ಪಾಳಿಯಲ್ಲಿ ಈ ಭಾಗೀರತಿ ಕಥೆ ಹೇಳಿದೆ. ಅರ್ಧ ಕೇಳುವಾಗಲೇ ಅವಳು ನನ್ನ ಕೈ ಹಿಡಿದಳು. ಇದು ನಮ್ಮ ಅನಾಳ ಕಥೆ ಅಂದಳು.

ಅವರ ಹಾಡಿನಲ್ಲಿ ಅರ್ಜೆಶ್ ಅನ್ನುವಲ್ಲಿ ಮನೋಲೆ ಎಂಬ ಮೇಸ್ತ್ರಿ ಮಠ ಕಟ್ಟುತ್ತಾನೆ. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತದೆ. ಮರುದಿನ ಬೆಳಿಗ್ಗೆ ಯಾವ ಕೆಲಸಗಾರನ ಹೆಂಡತಿಯೋ ಅಕ್ಕತಂಗಿಯೋ ಮೊದಲು ಬುತ್ತಿ ತರುತ್ತಾಳೋ ಅವಳನ್ನು ಗೋಡೆಯೊಳಗೆ ಇಟ್ಟು ಕಟ್ಟಬೇಕು ಅಂತ ಕನಸಾಗುತ್ತದೆ. ಬೆಳಿಗ್ಗೆ ದೂರದಲ್ಲಿ ಬರುತ್ತಿರುವವಳು ತನ್ನ ಹೆಂಡತಿಯೇ. ಮಳೆ ಸುರಿಸು, ಬಿರುಗಾಳಿ ಬೀಸು, ಅವಳು ತಿರುಗಿ ಹೋಗಲಿ ಅಂತ ಅವನು ದೇವರನ್ನು ಬೇಡುತ್ತಾನೆ. ಮಳೆ ಬರುತ್ತದೆ, ಗಾಳಿ ಬೀಸುತ್ತದೆ, ಅವಳು ನಿಲ್ಲುವುದಿಲ್ಲ. ಗಂಡನಿಗೆ ಹಸಿವಾಗಿರುತ್ತದಲ್ಲ. ಆಟ ಅಂತ ಹೇಳಿ ಅವಳ ಸುತ್ತ ಕಲ್ಲು ಇಡುತ್ತಾರೆ. ಕಲ್ಲು ಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ನಮ್ಮಲ್ಲಿ ಗಂಗೆ ಏರಿದ ಹಾಗೆಯೇ! ಹೇಳುವಾಗ ಅವಳು ಕೈಯಿಂದ ಅಳತೆ ತೋರಿಸುತ್ತಿದ್ದಳು. ನಮ್ಮ ಅಜ್ಜಿ ತೋರಿಸುತ್ತಿದ್ದದ್ದೂ ಹಾಗೆಯೇ.

ಹಿರಿಸೊಸೆಯವರಿಗಾಗಿ ಇನ್ನೊಂದು ಹೇಳಬೇಕು. ಸರ್ಬಿಯಾದವರಲ್ಲಿ ಸ್ಕಾದರ್ ಕೋಟೆ ಕಟ್ಟಿದ ಹಾಡಿದೆ. ಕೋಟೆ ಈಗ ಆಲ್ಬೇನಿಯಾದಲ್ಲಿದೆ. ಮೂವರು ಅಣ್ಣತಮ್ಮಂದಿರು. ನಾಳೆ ಯಾರ ಹೆಂಡತಿ ಬುತ್ತಿ ತರುತ್ತಾಳೋ ಅವಳನ್ನು ಗೋಡೆಗೆ ಕೊಡುವುದು, ಮನೆಯಲ್ಲಿ ಯಾರೂ ಬಾಯಿ ಬಿಡಬಾರದು ಅಂತ ಆಣೆ ಮಾಡಿಕೊಳ್ಳುತ್ತಾರೆ. ಹಿರಿಯರಿಬ್ಬರೂ ರಾತ್ರಿ ಹೆಂಡತಿಯರಿಗೆ ಹೇಳಿಬಿಡುತ್ತಾರೆ. ಕಿರಿಯವನು ಮಾತು ಉಳಿಸಿಕೊಳ್ಳುತ್ತಾನೆ. ಮರುದಿನ ಹಿರಿಸೊಸೆಯರು ನೆಪ ಹೇಳಿ ಉಳಿಯುತ್ತಾರೆ, ಬುತ್ತಿ ಹೊತ್ತು ಹೊರಡುವವಳು ಕಿರಿಸೊಸೆ. ಅವಳಿಗೆ ಮೊಲೆಗೂಸು ಬೇರೆ. ಕೂಸಿಗೆ ಹಾಲೂಡಿಸಲಿಕ್ಕೆ ಎದೆಯ ಹತ್ತಿರ ಕಿಂಡಿ ಬಿಡಿ, ಮನೆಯ ಕಡೆ ನೋಡಲಿಕ್ಕೆ ಕಣ್ಣಿನ ಹತ್ತಿರ ಕಿಂಡಿ ಬಿಡಿ ಅಂತ ಬೇಡಿಕೊಳ್ಳುತ್ತಾಳೆ.

ಇಷ್ಟು ದೂರದಲ್ಲಿಯೂ ಕಿರಿಯವಳೇ. ಒಂದು ವ್ಯತ್ಯಾಸ ಮಾತ್ರ ನನಗೆ ಕಂಡದ್ದು. ಅಲ್ಲಿ ಕಲ್ಲು ಇಡುವವರಲ್ಲಿ ಗಂಡನೂ ಇದ್ದಾನೆ. ನಮ್ಮ ಹಾಡು ಕಟ್ಟಿದ ಹೆಂಗಸು ಮಾದೇವರಾಯನನ್ನು ದಂಡಿಗೆ ಕಳಿಸಿಬಿಟ್ಟಳು. ಅಷ್ಟನ್ನಾದರೂ ಭಾಗೀರತಿಗೆ ಉಳಿಸಿಕೊಟ್ಟಳು.

ನೇರ ಮಾತು

ಬೀಸುಕಲ್ಲು ಅವರೇ, ನೀವು ಬರೆದದ್ದನ್ನು ಎರಡು ದಿನ ಯೋಚಿಸಿದೆ. ನೀರನ್ನು ಒಬ್ಬರೂ ಕುಡಿಯುವುದಿಲ್ಲ ಅನ್ನುವ ಮಾತು. ಹುಡುಕಿ ಒಂದು ಹಳೆಯ ಮುದ್ರಣ ಓದಿದೆ, ಹೌದು, ಕುಡಿಯುವುದಿಲ್ಲ. ವೇದಿಕೆಯ ಮೇಲೆ ಕೇಳಿದಾಗಲೆಲ್ಲ ಕೆರೆ ತುಂಬಿದಲ್ಲಿಗೆ ನಿಲ್ಲಿಸಿ ಚಪ್ಪಾಳೆ ತೆಗೆದುಕೊಂಡದ್ದನ್ನೇ ನಾನು ನೋಡಿದ್ದು. ಆ ಅರ್ಧದ ಮೇಲೆ ನನಗೆ ಸಿಟ್ಟು ಇನ್ನೂ ಇದೆ. ಮಗಳಿಗೆ ಪೂರ್ತಿ ಓದಿ ಹೇಳಿದೆ. ಹನ್ನೊಂದು ವರ್ಷ ಅವಳಿಗೆ. ಅವಳು ಕೇಳಿದ್ದು, ಗೆಳತಿ ಗಂಡನಿಗೆ ನಿಜ ಹೇಳುವ ಬದಲು ಮೊದಲೇ ದಂಡಿಗೆ ಸುದ್ದಿ ಕಳಿಸಬಹುದಿತ್ತಲ್ಲ? ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯೇ?

ಬೀಸುಕಲ್ಲು

ಹಿರಿಸೊಸೆಯವರು ಕೇಳಿದ್ದಕ್ಕೂ ನಿಮ್ಮ ಮಗಳು ಕೇಳಿದ್ದಕ್ಕೂ ಒಂದೇ ಕಡೆ ಉತ್ತರ ಕೊಡುತ್ತೇನೆ. ಮೂರು ದಿನ ಬರೆದು ಅಳಿಸಿದೆ.

ಹದಿನೆಂಟು ವರ್ಷದ ಹಿಂದಿನ ಮಾತು. ನನಗೊಬ್ಬಳು ಗೆಳತಿ ಇದ್ದಾಳೆ, ಸಾಲಿಯಲ್ಲಿ ಒಂದೇ ಬೆಂಚಿನವರು. ಒಂದು ಮಧ್ಯಾಹ್ನ ಬಿರುಬಿಸಿಲಿನಲ್ಲಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಚೀಲ ಇರಲಿಲ್ಲ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಗಂಡನ ಮನೆಯಲ್ಲಿ ಏನಾಗುತ್ತಿದೆ ಅಂತ ಹೇಳಿದಳು. ತವರಿನಲ್ಲಿ ಹೇಳಿಲ್ಲ, ಅಪ್ಪನಿಗೆ ಎದೆನೋವು ಅಂದಳು. ನಾನು ಕುಕ್ಕರ್ ಇಳಿಸುತ್ತ ಕೇಳಿಸಿಕೊಂಡೆ. ಆಮೇಲೆ ಹೇಳಿದೆ: ಎಲ್ಲಾ ಕಡೆ ಇದ್ದದ್ದ, ಹೊಂದಿಕೊಂಡು ಹೋಗು.

ಅವಳು ನೀರು ಕುಡಿದು ಎದ್ದು ಹೋದಳು. ಆರು ವರ್ಷ ಆ ಮನೆಯಲ್ಲಿ ಇದ್ದಳು. ಕಡೆಗೆ ಮಗಳನ್ನು ಕರೆದುಕೊಂಡು ತಾನೇ ಹೊರಬಂದಳು, ಯಾರ ಸಹಾಯವನ್ನೂ ಕೇಳಲಿಲ್ಲ. ಈಗ ಬೇರೆ ಊರಲ್ಲಿ ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಆ ಮಧ್ಯಾಹ್ನದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಹೋದ ವರ್ಷ ಆಯಿಯ ಹಾಡುಗಳನ್ನು ನೆನಪಿದ್ದಷ್ಟು ವಹಿಯಲ್ಲಿ ಬರೆದಿಡಲು ಕೂತೆ. ಇಟ್ಟಂಗ ಇರಬೇಕು ಅನ್ನುವ ನುಡಿ ಬರೆಯುವಾಗ ಕೈ ನಿಂತಿತು. ಇಷ್ಟು ವರ್ಷ ಆ ಗೆಳತಿಯನ್ನು ಕಲ್ಲೆದೆಯವಳು ಅಂತ ಬೈದುಕೊಂಡವಳು ನಾನು. ಆ ಮಾತು ನನ್ನ ಬಾಯಿಂದಲೇ ಬಂದು ಹೋಗಿತ್ತು.

ಹಾಗಾಗಿ ನಿಮ್ಮ ಮಗಳಿಗೆ ನಾನು ಕೊಡಬಹುದಾದ ಉತ್ತರ ಇದು. ದಂಡಿಗೆ ಸುದ್ದಿ ಕಳಿಸಬಹುದು ಅನ್ನುವುದು ಗೆಳತಿಗೆ ಹೊಳೆದೇ ಇರಲಿಲ್ಲ. ಅವಳೂ ಯಾರದೋ ಮನೆಯ ಸೊಸೆ. ಅವಳು ತನ್ನ ಮನೆ ಬಿಟ್ಟು ಬಂದ ದಿನ ಅವಳವ್ವ ಅವಳ ಕಿವಿಯಲ್ಲಿ ಹೇಳಿದ ಮಾತೇ ಅದಾಗಿರಬೇಕು, ಇಟ್ಟಂಗ ಇರು. ಕಷ್ಟ ಅಂತ ಬಂದವಳಿಗೆ ಕೊಡಲಿಕ್ಕೆ ಅವಳ ಹತ್ತಿರ ಇದ್ದದ್ದು ಅದೊಂದೇ. ನನ್ನ ಹತ್ತಿರವೂ ಅವತ್ತು ಅದೇ ಇತ್ತು. ಇದು ಸಮಾಧಾನಕ್ಕೆ ಹೇಳುತ್ತಿಲ್ಲ. ಮಾತು ಯಾರಿಂದ ಬಂದದ್ದಾದರೂ ಆಡಿದ ಬಾಯಿ ನನ್ನದೇ.

ಆದರೆ ಕುದುರೆ ಬಂದು ಬಾಗಿಲಲ್ಲಿ ನಿಂತಾಗ ಆ ಗೆಳತಿ ಸುಳ್ಳು ಹೇಳಲಿಲ್ಲ. ಮಾವ ಹೇಳಿದ ಸುಳ್ಳನ್ನೇ ಹೇಳಿ ಬಾಗಿಲು ಹಾಕಿಕೊಳ್ಳಬಹುದಿತ್ತು, ಊರಗೌಡನ ಮನೆಯ ಗುಟ್ಟು ಅದು. ಅವಳು ಹೇಳಿಬಿಟ್ಟಳು. ಆ ನುಡಿ ಬಂದಾಗ ಆಯಿಯ ಧ್ವನಿ ಒಂದಿಷ್ಟು ಏರುತ್ತಿತ್ತು, ಈಗ ನೆನಪಾಗುತ್ತಿದೆ. ತಡವಾಗಿಯಾದರೂ ಹೇಳಿದಳು ಅನ್ನುವುದಕ್ಕೋ, ತಡವಾಯಿತಲ್ಲ ಅನ್ನುವುದಕ್ಕೋ, ಕೇಳಲಿಕ್ಕೆ ಆಯಿ ಇಲ್ಲ.

ಹಿರಿಸೊಸೆ

ಅಕ್ಕ, ಫೋನು ಮಾಡಿ. ಹಬ್ಬಕ್ಕೆ ಕಾಯಬೇಡಿ.

ನಾನೂ ಒಂದು ಕೆಲಸ ಮಾಡಿದೆ. ನಮ್ಮ ಮನೆಯ ಕಿರಿಯ ಸೊಸೆ ಬಂದು ನಾಲ್ಕು ವರ್ಷ. ನಿನ್ನೆ ರಾತ್ರಿ ಎಲ್ಲರ ಊಟ ಆದ ಮೇಲೆ ಪಾತ್ರೆ ತೊಳೆಯುವ ಕಡೆ ಅವಳ ಪಕ್ಕ ನಿಂತು ಕೇಳಿದೆ, ಏನಾದರೂ ಆದರೆ ಮೊದಲು ಯಾರಿಗೆ ಹೇಳುತ್ತೀ ಅಂತ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾಲೇಜಿನ ಗೆಳತಿಯ ಹೆಸರು ಹೇಳಿದಳು. ನನಗೆ ನೋವಾಯಿತು. ಆದರೂ ಕೇಳಿದ್ದು ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆ ಅವಳೇ ಬಂದು ನನ್ನ ಜೊತೆ ರೊಟ್ಟಿ ಬಡಿದಳು.

ಮಾಸೂರ ದಾರಿ

ಅಕ್ಕಾರ, ನಿಮ್ಮ ವಹಿಯಾಗ ಇರೂ ಹಾಡು ಒಂದಿನ ಪೂರ್ತಿ ಇಲ್ಲಿ ಹಾಕ್ರಿ. ನಿಮ್ಮ ಆಯಿ ಹಾಡಿದ ಧಾಟಿ ಫೋನಿನಾಗ ಹಾಡಿ ಹಾಕಿದ್ರ ಇನ್ನೂ ಛಲೋ. ನಮ್ಮ ಕಡೆ ಈಗ ಬೀಸುವರು ಇಲ್ಲ, ಹಾಡುವರು ಇಬ್ಬರೋ ಮೂವರೋ ಉಳದಾರ. ಅವರದು ನಾ ಹಾಡಿಸಿ ಹಾಕತೇನಿ.

ಬೀಸುಕಲ್ಲು

ಹಾಡುತ್ತೇನೆ. ನನ್ನ ಧ್ವನಿ ಆಯಿಯದಲ್ಲ, ಆದರೂ ಹಾಡುತ್ತೇನೆ.

ಫೋನು ಮಾಡಿದೆ. ಮೊದಲು ಮಳೆಯ ಮಾತಾಯಿತು, ಅವಳ ಮಗಳ ಪರೀಕ್ಷೆಯ ಮಾತಾಯಿತು. ಆಮೇಲೆ ಕೇಳಿದೆ, ನಿನಗ ಆ ಮಧ್ಯಾಹ್ನ ನೆನಪದ ಏನ ಅಂತ. ಅವಳ ಹೊಲಿಗೆ ಮಷಿನ್ನಿನ ಸಪ್ಪಳ ಕೇಳುತ್ತಿತ್ತು, ಅದು ನಿಂತಿತು. ನೆನಪದ, ಅಂದಳು. ಕುಕ್ಕರ್ ಇಳಸ್ಕೋತ ಹೇಳಿದ್ದಿ.

ತಪ್ಪಾತು ಅಂದೆ. ಅವಳು ಇರಲಿ ಬಿಡು ಅನ್ನಲಿಲ್ಲ. ಹೂಂ ಅಂದಳು. ಸ್ವಲ್ಪ ಹೊತ್ತಿನ ಮೇಲೆ ಮಷಿನ್ನು ಮತ್ತೆ ಶುರುವಾಯಿತು. ಐತವಾರ ಅಂಗಡಿ ಬಾಗಿಲ ಹಾಕಿರ್ತೀನಿ, ಬರೂದಿದ್ರ ಬಾ, ಅಂದಳು.

ಮುಂಜಾನೆ ಏಳರ ಬಸ್ಸಿಗೆ ಹೊರಡುತ್ತಿದ್ದೇನೆ. ವಹಿ ಚೀಲದಲ್ಲಿದೆ.